ಮಾತು ತಟ್ಟೆಗೆ ಇಳಿದಿದೆಯಾ? ಊಟ ಬಿಟ್ಟವರ ಮಾತಿನ ಚಿಕಿತ್ಸೆಯನ್ನು ಮನೆಯವರು ಅಳೆಯುವ ಬಗೆ

"ಹೇಗಾಯ್ತು ಇವತ್ತು?"

"ಚೆನ್ನಾಗಾಯ್ತು."

ನಾಲ್ಕು ತಿಂಗಳು ಇಷ್ಟೇ ನಡೆಯಿತು. ಕುಮಟಾದಲ್ಲಿರುವ ನನ್ನ ಅಕ್ಕನ ಮಗಳಿಗೆ ಆಗ 16 ವರ್ಷ. ವಾರಕ್ಕೊಮ್ಮೆ ಒಬ್ಬ ಕೌನ್ಸೆಲರ್ ಹತ್ತಿರ ಹೋಗಿ ಬರುತ್ತಿದ್ದಳು. ಬಂದ ಮೇಲೆ ಸಮಾಧಾನದಲ್ಲೇ ಇರುತ್ತಿದ್ದಳು. ನಾನು ಶಿರಸಿಯಿಂದ ಫೋನ್ ಮಾಡಿದರೆ ಅಕ್ಕ, "ಮಾತಾಡ್ತಾಳೆ, ನಗ್ತಾಳೆ, ಪರವಾಗಿಲ್ಲ" ಎನ್ನುತ್ತಿದ್ದಳು. ದೀಪಾವಳಿಗೆ ಎಲ್ಲರೂ ನಮ್ಮನೆಗೆ ಬಂದರು. ಕೈ ಎತ್ತಿ ಹಣತೆ ಇಡುವಾಗ ಕೂಸಿನ (ಅಕ್ಕನ ಮಗಳನ್ನು ನಾವು ಹಾಗೇ ಕರೆಯುವುದು) ಬಳೆ ಮೊಣಕೈವರೆಗೆ ಜಾರಿತು. ಆಮೇಲೆ ವಿಚಾರಿಸಿದರೆ, ಆ ನಾಲ್ಕು ತಿಂಗಳಲ್ಲಿ ಯಾರೂ ಒಮ್ಮೆಯೂ ಅವಳ ತೂಕ ನೋಡಿರಲಿಲ್ಲ. ಕೌನ್ಸೆಲರ್ ನೋಡಿರಲಿಲ್ಲ, ನಾವೂ ನೋಡಿರಲಿಲ್ಲ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಮಕ್ಕಳು ಲೆಕ್ಕ ಬಿಡಿಸದೆ ಉತ್ತರ ಬರೆದರೆ ಅಂಕ ಕೊಡುವುದಿಲ್ಲ. ಮನೆಯ ವಿಷಯದಲ್ಲಿ ಮಾತ್ರ "ಚೆನ್ನಾಗಾಯ್ತು" ಎಂಬ ಉತ್ತರಕ್ಕೆ ಪೂರ್ತಿ ಅಂಕ ಕೊಟ್ಟು ಕೂತಿದ್ದೆ. ಆ ದೀಪಾವಳಿಯ ಮೇಲೆ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದೆ. ಅದರಲ್ಲಿ ಏನು ಬರೆದೆವು, ಯಾಕೆ ಬರೆದೆವು ಎಂಬುದೇ ಈ ಲೇಖನ. ನಾನು ಡಾಕ್ಟರ್ ಅಲ್ಲ. ಕೂಸು ಇದನ್ನು ಓದಿ, ಎರಡು ಕಡೆ ಗೀಟು ಹಾಕಿ, ಆಮೇಲೆ ಒಪ್ಪಿಗೆ ಕೊಟ್ಟಿದ್ದಾಳೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯಾರು ಎಷ್ಟು ಕೆಜಿ ಇದ್ದರು, ಎಷ್ಟಕ್ಕೆ ಇಳಿದರು ಎಂದು ಇಲ್ಲಿ ಬರೆದಿಲ್ಲ. ಈ ಕಾಯಿಲೆ ಇರುವವರು ಓದಿದರೆ ಆ ಅಂಕಿಯೇ ಅವರಿಗೆ ಪಂದ್ಯವಾಗುತ್ತದೆ.

ಇದು ಯಾವ ಕಾಯಿಲೆ, ನಮ್ಮ ಕಡೆ ಹೇಗೆ ಅಡಗಿರುತ್ತದೆ

ಊಟವನ್ನು ಕಡಿಮೆ ಮಾಡುತ್ತ, ಬಿಡುತ್ತ ಹೋಗುವ ಕಾಯಿಲೆಗಳಲ್ಲಿ ಎರಡು ಮುಖ್ಯ. ಒಂದು ಅನೊರೆಕ್ಸಿಯಾ ನರ್ವೋಸಾ. ತೂಕ ಏರೀತು ಎಂಬ ಭಯ, ತನ್ನ ಮೈ ತನಗೇ ಬೇರೆಯಾಗಿ ಕಾಣುವುದು, ಇಳಿದಷ್ಟೂ ಸಾಲದು ಅನ್ನಿಸುವುದು. ಇನ್ನೊಂದು ಆರ್ಫಿಡ್. ಇದರಲ್ಲಿ ಮೈಕಟ್ಟಿನ ಚಿಂತೆ ಇರುವುದಿಲ್ಲ. ವಾಸನೆ ಆಗುವುದಿಲ್ಲ, ಮೆತ್ತಗಿದ್ದರೆ ಆಗುವುದಿಲ್ಲ, ವಾಂತಿಯಾದೀತು, ಗಂಟಲಲ್ಲಿ ಸಿಕ್ಕೀತು ಎಂಬ ಹೆದರಿಕೆ ಅಥವಾ ಹಸಿವೇ ಇಲ್ಲ. ಇದು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದೇ 2013ರಲ್ಲಿ. ಹಾಗಾಗಿ ಹಳೆಯ ಡಾಕ್ಟರಿಗೆ ಹೆಸರು ಪರಿಚಯವಿಲ್ಲದಿದ್ದರೆ ಆಶ್ಚರ್ಯಪಡಬೇಡಿ. ಗಂಡುಮಕ್ಕಳಿಗೂ ಎರಡೂ ಬರುತ್ತವೆ.

ನಮ್ಮಲ್ಲಿ ಯಾರೂ "ನಾನು ಸಣ್ಣಗಾಗಬೇಕು" ಎಂದು ಬಾಯಿಬಿಟ್ಟು ಹೇಳುವುದು ಕಡಿಮೆ. "ಆಸಿಡಿಟಿ", "ಹೊಟ್ಟೆ ಉಬ್ಬರ", "ಸೇರೂದಿಲ್ಲ", "ಇವತ್ತು ಸಂಕಷ್ಟಿ" ಎನ್ನುತ್ತಾರೆ. ಮನೆಯಲ್ಲಿ ಯಾರಾದರೂ "ದೃಷ್ಟಿ ತಾಗಿದೆ" ಎಂದು ಉಪ್ಪು ಮೆಣಸು ಇಳಿಸುತ್ತಾರೆ. ಕೂಸು "ಯಂಗೆ ಬ್ಯಾಡ" ಎಂದಾಗಲೆಲ್ಲ ಅಕ್ಕ ಕಷಾಯ ಕುದಿಸುತ್ತಿದ್ದಳು. ಇದನ್ನು ನೆನಪಿಡಿ, ಮುಂದೆ ಪ್ರಶ್ನೆಪತ್ರಿಕೆಯ ಮಾತು ಬಂದಾಗ ಬೇಕಾಗುತ್ತದೆ.

ಮೊದಲ ಹೆಜ್ಜೆ: ದೇಹ ನೋಡಿಸಿ

ಚಿಕಿತ್ಸೆ ಅಳೆಯುವ ಮೊದಲು, ಅಳೆಯಲು ಸಮಯ ಇದೆಯಾ ಎಂದು ಖಾತ್ರಿ ಮಾಡಿಕೊಳ್ಳಬೇಕು. ಮಾನಸಿಕ ಕಾಯಿಲೆಗಳಲ್ಲಿ ಜೀವಕ್ಕೆ ಅತಿ ಹೆಚ್ಚು ಅಪಾಯ ತರುವವುಗಳಲ್ಲಿ ಅನೊರೆಕ್ಸಿಯಾ ಒಂದು. ಫಿಜಿಷಿಯನ್ ಅಥವಾ ಮಕ್ಕಳ ಡಾಕ್ಟರ್ ಹತ್ತಿರ ನಾಡಿ, ಮಲಗಿ ಮತ್ತು ನಿಂತು ಬಿಪಿ, ಇಸಿಜಿ, ರಕ್ತದಲ್ಲಿ ಪೊಟ್ಯಾಸಿಯಂ, ಫಾಸ್ಫೇಟ್, ಮೆಗ್ನೀಸಿಯಂ, ಸಕ್ಕರೆ ನೋಡಿಸಿ. ತಲೆಸುತ್ತಿ ಬೀಳುವುದು, ಎದೆನೋವು, ಎದೆ ಡವಗುಟ್ಟುವುದು, ಎಚ್ಚರವಿದ್ದಾಗಲೇ ನಾಡಿ 50ಕ್ಕಿಂತ ಕೆಳಗೆ, ನೀರು ಕೂಡ ಕುಡಿಯದಿರುವುದು, ಮಾತಿನಲ್ಲಿ ಗೊಂದಲ, ಸಾಯುವ ಮಾತು: ಇವುಗಳಲ್ಲಿ ಯಾವುದೇ ಒಂದಿದ್ದರೂ ನೋಟ್‌ಬುಕ್ ಬದಿಗಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿ. ಬಹಳ ದಿನ ಉಣ್ಣದವರಿಗೆ ಹೆದರಿಕೆಯಲ್ಲಿ ಒಮ್ಮೆಲೇ ಜಾಸ್ತಿ ತಿನ್ನಿಸಲೂಬೇಡಿ. ರಕ್ತದ ಫಾಸ್ಫೇಟ್ ಕುಸಿದು ಹೃದಯಕ್ಕೆ ಕುತ್ತು ಬರಬಹುದು. ಎಷ್ಟರಿಂದ ಶುರು ಮಾಡಬೇಕು ಎಂದು ಡಾಕ್ಟರನ್ನೇ ಕೇಳಿ.

ದೇಹ ಮೊದಲು ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. 1944–45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಜನ ಆರೋಗ್ಯವಂತ ಗಂಡಸರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟು ನೋಡಿದರು. ತಾವಾಗಿ ಒಪ್ಪಿ ಬಂದವರು ಅವರು. ತೂಕ ಸುಮಾರು ಕಾಲುಭಾಗ ಇಳಿಯಿತು. ಅಡುಗೆ ಪುಸ್ತಕ ಓದುತ್ತ ಕೂರುವುದು, ಒಂದು ಊಟವನ್ನು ತಾಸುಗಟ್ಟಲೆ ಕೆದಕುವುದು, ಸಿಡುಕು, ಮಂಕು, ಜನರಿಂದ ದೂರ ಇರುವುದು ಎಲ್ಲ ಶುರುವಾಯಿತು. ಅವರಿಗೆ ಮೊದಲು ಯಾವ ಮನೋರೋಗವೂ ಇರಲಿಲ್ಲ. ಅಂದರೆ ನಾವು "ಸ್ವಭಾವ", "ಹಟ" ಎಂದುಕೊಳ್ಳುವುದರಲ್ಲಿ ಎಷ್ಟೋ ಪಾಲು ಹಸಿವಿನದೇ. ಹಸಿದ ಮಿದುಳಿಗೆ ಎಷ್ಟು ಒಳ್ಳೆಯ ಮಾತೂ ಪೂರ್ತಿ ತಾಗುವುದಿಲ್ಲ.

ಎರಡನೆಯ ಹೆಜ್ಜೆ: "ಇದು ಯಾವ ಚಿಕಿತ್ಸೆ?" ಎಂದು ಕೇಳಿ

ಈ ಪ್ರಶ್ನೆ ಕೇಳಲು ನಮಗೆ ಸಂಕೋಚ. ಡಾಕ್ಟರಿಗೇ ಪ್ರಶ್ನೆ ಕೇಳಿದಂತಾಯಿತಲ್ಲ ಅಂತ. ಆದರೆ ಅಡಿಕೆ ತೋಟಕ್ಕೆ ಔಷಧಿ ಹೊಡೆಸುವಾಗ ಬೋರ್ಡೋ ದ್ರಾವಣವೋ ಮತ್ತೊಂದೋ ಎಂದು ಕೇಳದೆ ಬಿಡುತ್ತೇವಾ?

"ಕೌನ್ಸೆಲಿಂಗ್" ಎಂಬುದು ಚಿಕಿತ್ಸೆಯ ಹೆಸರಲ್ಲ. ಪರೀಕ್ಷೆಗೆ ಒಡ್ಡಿದ ಚಿಕಿತ್ಸೆಗಳಿಗೆ ಹೆಸರಿದೆ, ಅವಧಿ ಇದೆ. ಮನೆಯಲ್ಲಿರುವ ಹದಿಹರೆಯದವರಿಗೆ ಮೊದಲ ಆಯ್ಕೆ ಕುಟುಂಬ ಆಧಾರಿತ ಚಿಕಿತ್ಸೆ, ಎಫ್‌ಬಿಟಿ. ಇದು ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ಹುಟ್ಟಿದ್ದು. ಇದರಲ್ಲಿ ಅಪ್ಪ ಅಮ್ಮನೇ ಸ್ವಲ್ಪ ಕಾಲ ಊಟದ ಹೊಣೆ ಹೊರುತ್ತಾರೆ, ಆಮೇಲೆ ನಿಧಾನ ಮಗುವಿಗೆ ಬಿಟ್ಟುಕೊಡುತ್ತಾರೆ. ಬ್ರಿಟನ್ನಿನ ನೈಸ್ ಸಂಸ್ಥೆಯ 2017ರ ಮಾರ್ಗಸೂಚಿ ಕುಟುಂಬ ಚಿಕಿತ್ಸೆಗೆ ಒಂದು ವರ್ಷದಲ್ಲಿ 18ರಿಂದ 20 ಭೇಟಿ ಎನ್ನುತ್ತದೆ. ದೊಡ್ಡವರಿಗೆ ಮೂರು ದಾರಿ. ಆಕ್ಸ್‌ಫರ್ಡ್‌ನಲ್ಲಿ ಕ್ರಿಸ್ಟೋಫರ್ ಫೇರ್‌ಬರ್ನ್ ರೂಪಿಸಿದ ಸಿಬಿಟಿ-ಇ, ಅಂದರೆ ಯೋಚನೆ ಮತ್ತು ನಡವಳಿಕೆ ಬದಲಿಸುವ ಮಾತಿನ ಚಿಕಿತ್ಸೆ. ತೂಕ ತುಂಬ ಇಳಿದವರಿಗೆ ಇದರಲ್ಲಿ ಸುಮಾರು 40 ಭೇಟಿ ಬೇಕು. ಮಾಡ್ಸ್ಲಿಯದೇ ಇನ್ನೊಂದು ಮಾತಿನ ಚಿಕಿತ್ಸೆ, ಮಾಂತ್ರ (MANTRA). ಇನ್ನೊಂದು ಎಸ್‌ಎಸ್‌ಸಿಎಂ. ಕೊನೆಯದರ ಹೆಸರು ಉದ್ದ (ಸ್ಪೆಷಲಿಸ್ಟ್ ಸಪೋರ್ಟಿವ್ ಕ್ಲಿನಿಕಲ್ ಮ್ಯಾನೇಜ್ಮೆಂಟ್), ಕೆಲಸ ಸರಳ: ಪ್ರತಿ ವಾರ ತೂಕ, ಊಟ, ಆರೋಗ್ಯ ವಿಚಾರಿಸಿ, ಉಳಿದ ಸಮಯ ರೋಗಿ ಏನು ಮಾತಾಡಬೇಕೆನ್ನುತ್ತಾರೋ ಅದು.

ಈ ಎಸ್‌ಎಸ್‌ಸಿಎಂ ಕತೆ ನನಗೆ ಬಹಳ ಇಷ್ಟ. 2005ರಲ್ಲಿ ನ್ಯೂಜಿಲೆಂಡಿನಲ್ಲಿ 56 ಹೆಂಗಸರ ಮೇಲೆ ಮೂರು ಚಿಕಿತ್ಸೆ ಹೋಲಿಸಿದರು. ಎರಡು ಹೆಸರಾದ ಚಿಕಿತ್ಸೆ. ಮೂರನೆಯದು ಸುಮ್ನೆ ಹೋಲಿಕೆಗೆ ಇಟ್ಟ ಈ ಸಾದಾ ಪದ್ಧತಿ. ಚಿಕಿತ್ಸೆ ಮುಗಿದಾಗ ಸಾದಾದ್ದೇ ಮುಂದಿತ್ತು! ಆದರೆ ವರ್ಷಗಳ ನಂತರ ಅದೇ ಹೆಂಗಸರನ್ನು ಮತ್ತೆ ನೋಡಿದಾಗ ಆ ವ್ಯತ್ಯಾಸ ಉಳಿದಿರಲಿಲ್ಲ. 2017ರಲ್ಲಿ ಆಸ್ಟ್ರೇಲಿಯಾದಲ್ಲಿ 120 ಜನ ವಯಸ್ಕರನ್ನು ಮೂರು ಗುಂಪು ಮಾಡಿ ಸಿಬಿಟಿ-ಇ, ಮಾಂತ್ರ, ಎಸ್‌ಎಸ್‌ಸಿಎಂ ಕೊಟ್ಟರು. ಮೂರಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಶಿರಸಿಯಲ್ಲೋ ಹೊನ್ನಾವರದಲ್ಲೋ ಕೂತವರಿಗೆ ಇದರಿಂದ ಏನು? ದೊಡ್ಡವರ ವಿಷಯದಲ್ಲಿ ಹೆಸರಿನ ಬೆನ್ನು ಹತ್ತಿ ಬೆಂಗಳೂರಿಗೇ ಓಡಬೇಕೆಂದಿಲ್ಲ. ತೂಕವನ್ನೂ ಊಟವನ್ನೂ ಪ್ರತಿ ಸಲ ವಿಚಾರಿಸುವ, ಬೇಗ ಕೈಬಿಡದ ಒಬ್ಬರು ಸಿಕ್ಕರೆ ಅದೇ ದೊಡ್ಡದು. ಅವರು ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಂಡರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ, ಬೇಸರಪಟ್ಟುಕೊಳ್ಳುವಂಥ ಪ್ರಶ್ನೆ ಅಲ್ಲ ಅದು. ಎಲ್ಲಿ ಶುರು ಮಾಡುವುದು ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಕರಾವಳಿಯವರಿಗೆ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರ, ಘಟ್ಟದ ಮೇಲಿನವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಕಠಿಣ ಪ್ರಕರಣಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಇದ್ದೇ ಇದೆ.

ಬರೀ ಮಾತ್ರೆ ಬರೆದುಕೊಟ್ಟು ಕಳಿಸಿದರೆ? ಅನೊರೆಕ್ಸಿಯಾಕ್ಕೆ ಮಾತ್ರೆಯೊಂದೇ ಚಿಕಿತ್ಸೆಯಾಗಬಾರದು ಎಂದು ಅದೇ 2017ರ ಮಾರ್ಗಸೂಚಿ ಹೇಳುತ್ತದೆ. ಮಾತ್ರೆ ಬೇಡ ಎಂದಲ್ಲ, ಅದರ ಜೊತೆ ಇನ್ನೇನು ಎಂದು ಕೇಳಿ.

ಮೂರನೆಯ ಹೆಜ್ಜೆ: ಶುರುವಾಗುವ ಮೊದಲೇ ಮೊದಲ ಪುಟ ಬರೆಯಿರಿ

ಚಿಕಿತ್ಸೆ ಅರ್ಧ ಆದ ಮೇಲೆ "ಮೊದಲಿಗಿಂತ ವಾಸಿ" ಎನ್ನುವುದಕ್ಕೆ ಅರ್ಥವಿಲ್ಲ. ಮೊದಲು ಹೇಗಿತ್ತು ಎಂದು ನೆನಪಿನಿಂದ ಹೇಳುತ್ತೇವೆ, ನೆನಪು ನಮಗೆ ಬೇಕಾದ ಹಾಗೆ ಬಾಗುತ್ತದೆ. ನಮ್ಮ ನೋಟ್‌ಬುಕ್ಕಿನಲ್ಲಿ ನಾಲ್ಕು ಕಂಬ (ಕಾಲಂ) ಎಳೆದೆವು: ತೂಕ, ತಟ್ಟೆ, ತಲೆ, ದಿನಚರಿ.

ತೂಕ. ಮನೆಯ ತೂಕದ ಯಂತ್ರ ತೆಗೆದಿಡಿ. ಅದು ಮನೆಯಲ್ಲಿದ್ದರೆ ದಿನಕ್ಕೆ ಹತ್ತು ಸಲ ಹತ್ತಿ ಇಳಿಯುವುದು ಕಾಯಿಲೆಯ ಭಾಗ. ವಾರಕ್ಕೊಮ್ಮೆ, ಒಂದೇ ಕಡೆ, ಒಂದೇ ಯಂತ್ರ, ಹೆಚ್ಚುಕಡಿಮೆ ಒಂದೇ ಹೊತ್ತು, ತೆಳುವಾದ ಬಟ್ಟೆ, ಜೇಬು ಖಾಲಿ, ಮೂತ್ರಕ್ಕೆ ಹೋಗಿ ಬಂದ ಮೇಲೆ. ಚಿಕಿತ್ಸೆ ಕೊಡುವವರೇ ನೋಡಿದರೆ ಒಳ್ಳೆಯದು. ಅಂಕಿಯನ್ನು ಮಗುವಿಗೆ ತೋರಿಸಬೇಕೋ ಬೇಡವೋ ಎಂದು ಅವರೇ ಹೇಳಲಿ, ಪದ್ಧತಿಯಿಂದ ಪದ್ಧತಿಗೆ ಅದು ಬೇರೆ. ಬೆಳೆಯುವ ಮಕ್ಕಳಲ್ಲಿ ದೊಡ್ಡವರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಪಟ್ಟಿ ಹಿಡಿಯಬೇಡಿ. ವಯಸ್ಸಿಗೆ ತಕ್ಕ ಬೆಳವಣಿಗೆಯ ರೇಖೆ ಬೇರೆ ಇದೆ. ಮಗು ಹಿಂದೆ ಯಾವ ರೇಖೆಯ ಮೇಲೆ ಬೆಳೆಯುತ್ತಿತ್ತು ಎಂದು ಹಳೆಯ ಲಸಿಕೆ ಕಾರ್ಡು, ಶಾಲೆಯ ಆರೋಗ್ಯ ತಪಾಸಣೆಯ ದಾಖಲೆ ಹುಡುಕಿ ಡಾಕ್ಟರಿಗೆ ಕೊಡಿ. ತೂಕ ಇಳಿಯದೆ ಎತ್ತರ ಮಾತ್ರ ಏರುತ್ತಿದ್ದರೂ ಅದು ಇಳಿದಂತೆಯೇ.

ತಟ್ಟೆ. ಕ್ಯಾಲರಿ ಬರೆಯಬೇಡಿ, ದಯವಿಟ್ಟು. ನಾವು ಬರೆದದ್ದು ಹೀಗೆ: ಬೆಳಗಿನ ತೆಳ್ಳೇವು (ತೆಳು ದೋಸೆ) ಎಷ್ಟರಲ್ಲಿ ಎಷ್ಟು ಮುಗಿಯಿತು, ಮಧ್ಯಾಹ್ನದ ಊಟ ಯಾರ ಜೊತೆ, ಮುಗಿಯಲು ಎಷ್ಟು ನಿಮಿಷ, ಜಗಳ ಆಯಿತಾ. ಮೊದಲ ವಾರದ ಒಂದು ಸಾಲು: "ಗಂಜಿ ಅರ್ಧ ಬಟ್ಟಲು, 55 ನಿಮಿಷ, ತುಪ್ಪ ಕಂಡು ಎದ್ದು ಹೋದಳು." ಆ 55 ನಿಮಿಷ ಆಮೇಲೆ ಬಹಳ ಉಪಯೋಗಕ್ಕೆ ಬಂತು.

ತಲೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಸಂಶೋಧನೆಯಲ್ಲಿ ಜಾಸ್ತಿ ಬಳಸುವ ಪ್ರಶ್ನೆಪತ್ರಿಕೆ ಇಡಿಇ-ಕ್ಯೂ. 28 ಪ್ರಶ್ನೆ, ಕಳೆದ 28 ದಿನದ ಬಗ್ಗೆ, ಹೆಚ್ಚಿನವಕ್ಕೆ ಸೊನ್ನೆಯಿಂದ 6ರವರೆಗೆ ಅಂಕ. ಅಂಕ ಇಳಿದರೆ ತಲೆಯಲ್ಲಿನ ಒತ್ತಡ ಇಳಿದಿದೆ ಎಂದು ಓದುತ್ತಾರೆ. ಒಳ್ಳೆಯ ಸಾಧನವೇ. ಆದರೆ ಅದರ ಪ್ರಶ್ನೆಗಳು ತೂಕ, ಆಕಾರ, ದಪ್ಪಗಾಗುವ ಭಯದ ಸುತ್ತ ಹೆಣೆದವು. ಕಾರಣವನ್ನು "ಹೊಟ್ಟೆ ಉಬ್ಬರ" ಎಂದೇ ಹೇಳುವ ನಮ್ಮ ಹುಡುಗಿಗೆ ಅದನ್ನು ಕೊಟ್ಟರೆ? ಮೊದಲ ದಿನವೇ ಕಡಿಮೆ ಅಂಕ ಬರುತ್ತದೆ. ಕೊನೆಯ ದಿನವೂ ಕಡಿಮೆ ಅಂಕ. ಕಾಗದದ ಮೇಲೆ ಕಾಯಿಲೆಯೇ ಇಲ್ಲ! ದಪ್ಪಗಾಗುವ ಭಯ ಹೇಳದ ಇಂಥ ಅನೊರೆಕ್ಸಿಯಾ ಹಾಂಗ್‌ಕಾಂಗ್‌ನಲ್ಲಿ, ನಮ್ಮ ದೇಶದಲ್ಲಿ ಎಲ್ಲ ಕಡೆ ಡಾಕ್ಟರುಗಳು ಕಂಡಿದ್ದಾರೆ.

ಇನ್ನೊಂದು ತೊಡಕು ಉಪವಾಸದ್ದು. ತೂಕಕ್ಕಾಗಿ, ಆಕಾರಕ್ಕಾಗಿ ಎಚ್ಚರವಿದ್ದ ಎಂಟು ತಾಸು ಅಥವಾ ಹೆಚ್ಚು ಹೊತ್ತು ಏನೂ ತಿನ್ನದೆ ಇದ್ದೀರಾ ಎಂಬ ಪ್ರಶ್ನೆ ಅದರಲ್ಲಿದೆ. ಸಂಕಷ್ಟಿಗೆ ಚಂದ್ರ ಹುಟ್ಟುವವರೆಗೆ ಕಾಯುವ ಮನೆಯಲ್ಲಿ ಇದಕ್ಕೆ ಉತ್ತರ ಏನು? "ದೇವರಿಗೆ" ಎಂದರೆ ಸೊನ್ನೆ ಹಾಕಬೇಕಾ? ನಾವು ಕಂಡುಕೊಂಡ ಉಪಾಯ: ಮನೆಯಲ್ಲಿ ಬೇರೆಯವರು ಬಿಡುವಾಗ ಬಿಟ್ಟಿದ್ದು, ಅವಳೊಬ್ಬಳೇ ಬಿಟ್ಟಿದ್ದು ಬೇರೆ ಬೇರೆ ಬರೆಯುವುದು. ಎರಡನೆಯದು ತಿಂಗಳಿಗೆ ಎಂಟಿತ್ತು. ಅಜ್ಜಿಯೇ ಹೇಳಿದರು, "ಹುಷಾರಾಗುವವರೆಗೆ ವ್ರತ ಬೇಡ, ನಾ ನಿನ್ನ ಲೆಕ್ಕದ್ದೂ ಮಾಡ್ತೆ" ಅಂತ. ಶಾಸ್ತ್ರದಲ್ಲೂ ರೋಗಿಗೆ ವಿನಾಯಿತಿ ಇದೆ, ಅಲ್ವಾ.

ಹಾಗಾಗಿ ಪ್ರಶ್ನೆಪತ್ರಿಕೆ ಇದ್ದರೆ ತುಂಬಿಸಿ, ಜೊತೆಗೆ ಅವರದೇ ಮಾತಿನಲ್ಲಿ ಮೂರು ಪ್ರಶ್ನೆ ಮಾಡಿಕೊಳ್ಳಿ. ಕೂಸು ತಾನೇ ಬರೆದ ಮೂರು: ಊಟದ ಯೋಚನೆ ದಿನದ ಎಷ್ಟು ಪಾಲು ತಿಂದಿತು? ತಿಂದ ಮೇಲೆ ಹೊಟ್ಟೆ ಎಷ್ಟು ಹೊತ್ತು ಭಾರ ಅನ್ನಿಸಿತು? ಅಮ್ಮ ಬಡಿಸುವಾಗ ಎಷ್ಟು ಹೆದರಿಕೆ? ಸೊನ್ನೆಯಿಂದ ಹತ್ತು. ವಾರಕ್ಕೊಮ್ಮೆ ಸಾಕು. ಪ್ರಶ್ನೆಯನ್ನು ನಡುವೆ ಬದಲಿಸಬೇಡಿ, ಬದಲಿಸಿದರೆ ಹೋಲಿಕೆಯೇ ಹೋಯಿತು.

ದಿನಚರಿ. ಶಾಲೆಗೆ ಹೋದ ದಿನ, ಗೆಳತಿಯರ ಜೊತೆ ಹೊರಗೆ ಹೋಗಿದ್ದು, ಮದುವೆ ಮನೆಯ ಪಂಕ್ತಿಯಲ್ಲಿ ಕೂತಿದ್ದು. ಹಬ್ಬದ ಊಟ ನಮ್ಮ ಕಡೆ ದೊಡ್ಡ ಪರೀಕ್ಷೆ. ಎಲೆಯ ಮೇಲೆ ಬಡಿಸುತ್ತಲೇ ಹೋಗುತ್ತಾರೆ, "ಇನ್ನೊಂದು ಹಾಕ್ಸ್ಕೊಳೇ" ಎನ್ನುತ್ತಾರೆ, ಸುತ್ತ ನೂರು ಕಣ್ಣು. ಅಲ್ಲಿ ಕೂರಲು ಒಪ್ಪಿದ ದಿನವನ್ನು ಪ್ರತ್ಯೇಕ ಬರೆಯಿರಿ.

ಆರ್ಫಿಡ್ ಆದರೆ ಅಳತೆಗೋಲು ಬೇರೆ. ಕಾರವಾರದಲ್ಲಿರುವ ಗೆಳತಿಯ ಮಗನಿಗೆ 11 ವರ್ಷ. ಬಂಗುಡೆಯ ಮುಳ್ಳು ಗಂಟಲಿಗೆ ಸಿಕ್ಕಿದ್ದೇ ನೆಪ, ಗಟ್ಟಿ ಪದಾರ್ಥವೆಲ್ಲ ಬಿಟ್ಟ. ಅವನ ಮೊದಲ ಪುಟದಲ್ಲಿ ತೂಕದ ಪಕ್ಕ ಇದ್ದಿದ್ದು ತಿನ್ನುವ ಪದಾರ್ಥಗಳ ಪಟ್ಟಿ: ಗಂಜಿನೀರು, ಹಾಲು, ಹಾಲಿನಲ್ಲಿ ನೆನೆದ ಬಿಸ್ಕತ್ತು ಸೇರಿ ಒಟ್ಟು ಐದು. ಆರು ವಾರಕ್ಕೆ ಪಟ್ಟಿ ಒಂಬತ್ತಾಯಿತು, ಇಡ್ಲಿ ಬಂತು. ಮೀನು ಬರಲು ಐದು ತಿಂಗಳು ಹಿಡಿಯಿತು.

ನಾಲ್ಕನೆಯ ಹೆಜ್ಜೆ: ನಾಲ್ಕನೇ ವಾರದಲ್ಲಿ ಲೆಕ್ಕ ತೆಗೆಯಿರಿ

"ಇಂಥದ್ದಕ್ಕೆಲ್ಲ ಟೈಮ್ ಬೇಕು" ಎಂದು ಎಲ್ಲರೂ ಹೇಳುತ್ತಾರೆ. ನಿಜ, ಪೂರ್ತಿ ಗುಣವಾಗಲು ತಿಂಗಳು, ವರ್ಷ ಬೇಕು. ಆದರೆ ದಾರಿ ಸರಿಯಿದೆಯಾ ಎಂದು ತಿಳಿಯಲು ಅಷ್ಟು ಬೇಡ. ಕುಟುಂಬ ಆಧಾರಿತ ಚಿಕಿತ್ಸೆಯಲ್ಲಿ ಮೊದಲ ನಾಲ್ಕು ವಾರದೊಳಗೆ ಸುಮಾರು 2 ಕೆಜಿ ಏರಿದವರು ಮುಂದೆ ಚೇತರಿಸುವ ಸಾಧ್ಯತೆ ಹೆಚ್ಚು ಎಂದು ಒಂದಕ್ಕಿಂತ ಹೆಚ್ಚು ಅಧ್ಯಯನ ತೋರಿಸಿವೆ. ಸಿಬಿಟಿ-ಇಯಲ್ಲೂ ಮೊದಲ ಹಂತ ಮುಗಿದ ಮೇಲೆ ನಿಂತು ಲೆಕ್ಕ ಹಾಕುವುದು ಚಿಕಿತ್ಸೆಯ ಒಳಗೇ ಇದೆ. ನಾವು ನಾಲ್ಕು ತಿಂಗಳು ಕಾದೆವು. ನಾಲ್ಕು ವಾರಕ್ಕೇ ಗೊತ್ತಾಗಬಹುದಿತ್ತು.

ಒಂದು ವಾರದ ಏರಿಳಿತಕ್ಕೆ ಮಾತ್ರ ಬೆಲೆ ಕೊಡಬೇಡಿ. ನೀರು, ಮಲಬದ್ಧತೆ, ಮುಟ್ಟು ಸೇರಿ ಒಂದು ಕೆಜಿ ಅತ್ತಿತ್ತ ಆಗುತ್ತದೆ. ಒಂದು ದಿನದ ಮಳೆ ನೋಡಿ ಈ ಸಲದ ಮಳೆಗಾಲ ಹೇಗೆ ಎಂದು ಯಾರೂ ಹೇಳುವುದಿಲ್ಲ. ನಾಲ್ಕು ಚುಕ್ಕೆ ಇಟ್ಟು ಗೆರೆ ಎಳೆಯಿರಿ.

ಈಗ ನಾನು ಈ ಲೇಖನ ಬರೆಯಲು ಕಾರಣವಾದ ಮಾತು. ಒಳ್ಳೆಯ ಚಿಕಿತ್ಸೆ ಶುರುವಾದ ಮೊದಲ ತಿಂಗಳು ಮನೆ ರಣರಂಗವಾಗಬಹುದು. ಮೊದಲಿನ ಕೌನ್ಸೆಲರನ್ನು ಬಿಟ್ಟು ಶುರು ಮಾಡಿದ ಹೊಸ ಚಿಕಿತ್ಸೆಯ ಮೂರನೇ ವಾರ ಕೂಸು ಸಾರಿನ ಬಟ್ಟಲು ಎಸೆದಳು. "ಚಿಕ್ಕಿ, ನೀನೂ ಅವರ ಕಡೆನೇ" ಎಂದು ನನ್ನ ಮೇಲೆ ಕೂಗಿದಳು. ಅವಳ ಮೂರು ಪ್ರಶ್ನೆಯ ಅಂಕ ಏರಿತು, ಅಂದರೆ ಹೆದರಿಕೆ ಹೆಚ್ಚಾಯಿತು. ತೂಕವೂ ಏರಿತು. ಅಕ್ಕ ಅಳುತ್ತ ಫೋನ್ ಮಾಡಿ, "ಮೊದಲಿನವರೇ ವಾಸಿ ಇದ್ರು, ನಗ್ತಾ ಬರ್ತಿದ್ಲು" ಎಂದಳು. ಹೌದು, ನಗುತ್ತ ಬರುತ್ತಿದ್ದಳು, ಏಕೆಂದರೆ ಅಲ್ಲಿ ಯಾರೂ ಊಟದ ಮಾತೇ ಎತ್ತುತ್ತಿರಲಿಲ್ಲ. ಕಾಯಿಲೆಗೂ ಅಲ್ಲಿ ಆರಾಮವಾಗಿತ್ತು. ನೋಟ್‌ಬುಕ್ ಇಲ್ಲದಿದ್ದರೆ ಆ ವಾರವೇ ನಾವು ಹೊಸ ಚಿಕಿತ್ಸೆ ಬಿಡುತ್ತಿದ್ದೆವು. ಮನಸ್ಸಿನ ಕಂಬ ಮೊದಲು ಕೆಡುತ್ತದೆ, ತೂಕದ ಕಂಬ ಏರುತ್ತದೆ, ಮನಸ್ಸು ಹಿಂದಿನಿಂದ ನಿಧಾನ ಬರುತ್ತದೆ. ನಮ್ಮಲ್ಲಿ ಆ ಅಂಕ ಇಳಿಯಲು ಶುರುವಾಗಿದ್ದು ಹದಿನಾಲ್ಕನೇ ವಾರ. 55 ನಿಮಿಷ ಅಷ್ಟರಲ್ಲಿ 30ಕ್ಕೆ ಬಂದಿತ್ತು.

ತೂಕ ಒಂದೇ ಏರಿ ತಲೆ ಹಾಗೇ ಉಳಿದರೆ ಅದೂ ಗುಣವಲ್ಲ. 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 121 ಹದಿಹರೆಯದವರಿಗೆ ಕುಟುಂಬ ಚಿಕಿತ್ಸೆ ಮತ್ತು ಒಂಟಿ ಮಾತಿನ ಚಿಕಿತ್ಸೆ (ಮುಖ್ಯವಾಗಿ ಮಗುವಿನ ಜೊತೆಗೇ ನಡೆಯುವುದು) ಹೋಲಿಸಿದರು. "ಪೂರ್ತಿ ವಾಸಿ" ಎನ್ನಲು ಎರಡೂ ಬೀಗ ತೆರೆಯಬೇಕಿತ್ತು: ತೂಕ ಆ ವಯಸ್ಸಿಗೆ ಇರಬೇಕಾದದ್ದರ ಶೇ 95 ದಾಟಬೇಕು, ಊಟದ ಯೋಚನೆಗಳ ಅಂಕವೂ ಸಾಮಾನ್ಯ ಮಟ್ಟಕ್ಕೆ ಬರಬೇಕು. ಚಿಕಿತ್ಸೆ ಮುಗಿದು ಒಂದು ವರ್ಷಕ್ಕೆ ಕುಟುಂಬ ಚಿಕಿತ್ಸೆಯಲ್ಲಿ ಶೇ 49, ಒಂಟಿ ಚಿಕಿತ್ಸೆಯಲ್ಲಿ ಶೇ 23 ಜನ ಆ ಗೆರೆ ದಾಟಿದರು. ಅರ್ಧದಷ್ಟು ಮಕ್ಕಳು ಒಳ್ಳೆಯ ಚಿಕಿತ್ಸೆಯಲ್ಲೂ ದಾಟಲಿಲ್ಲ ಎಂಬುದನ್ನೂ ಗಮನಿಸಿ. ನಿಮ್ಮ ಮನೆಯಲ್ಲಿ ಗೆರೆ ಮೇಲೇರದಿದ್ದರೆ ಅದು ತಾಯಿಯ ತಪ್ಪೂ ಅಲ್ಲ, ಮಗುವಿನ ಹಟವೂ ಅಲ್ಲ.

ಐದನೆಯ ಹೆಜ್ಜೆ: ಎಷ್ಟು ಭೇಟಿ ನಿಜಕ್ಕೂ ನಡೆದವು?

ಇದು ಸಣ್ಣ ಕಂಬ, ಆದರೆ ನಮ್ಮ ಜಿಲ್ಲೆಯಲ್ಲಿ ಬಹಳ ಮುಖ್ಯ. ಜುಲೈ ಬಂತೆಂದರೆ ಶಿರಸಿ–ಕುಮಟಾ ದಾರಿಯ ದೇವಿಮನೆ ಘಟ್ಟ ನಂಬುವಂತಿಲ್ಲ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಬಂದ್ ಆಯಿತು. ಅಡಿಕೆ ಕೊಯ್ಲಿನಲ್ಲಿ ಯಾರಿಗೂ ಬಿಡುವಿಲ್ಲ. ಹನ್ನೆರಡು ಭೇಟಿಯಲ್ಲಿ ಐದು ತಪ್ಪಿದ್ದರೆ "ಚಿಕಿತ್ಸೆ ಫಲ ಕೊಡಲಿಲ್ಲ" ಎನ್ನುವ ಹಾಗಿಲ್ಲ. ಅರ್ಧ ಕೋರ್ಸ್ ಆಂಟಿಬಯೋಟಿಕ್ ನುಂಗಿ ಔಷಧಿಗೆ ಬೈದಂತೆ. ನಿಗದಿಯಾದದ್ದು, ನಡೆದದ್ದು ಎರಡೂ ಬರೆಯಿರಿ. ಮಳೆಗಾಲಕ್ಕೆ ಮೊದಲೇ ವಿಡಿಯೋ ಭೇಟಿ ಆಗುತ್ತದಾ ಕೇಳಿ. ಆಗುವುದಾದರೆ ತೂಕ, ನಾಡಿ, ಬಿಪಿ ಊರಿನ ಆರೋಗ್ಯ ಕೇಂದ್ರದಲ್ಲಿ ನೋಡಿಸಿ ಅವರಿಗೆ ಕಳಿಸಿ. ಸುಮ್ನೆ ಮುಖ ನೋಡಿ ಮಾತಾಡುವ ವಿಡಿಯೋ ಭೇಟಿ ಈ ಕಾಯಿಲೆಗೆ ಸಾಲದು. ಪರದೆಯ ಮೇಲೆ ಮುಖವಷ್ಟೇ ಕಾಣುವುದು, ಬಳೆ ಕಾಣುವುದಿಲ್ಲ.

ಆರನೆಯ ಹೆಜ್ಜೆ: ಅವರನ್ನೇ ಕೇಳಿ, ಆದರೆ ವಿಚಾರಣೆ ಮಾಡಬೇಡಿ

ಒಳಗೆ ಏನು ಮಾತಾಡಿದೆ ಎಂದು ಕೆದಕಬೇಡಿ. 18 ದಾಟಿದವರ ಗುಟ್ಟಿಗೆ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ. ಕೇಳಬಹುದಾದದ್ದು ಬೇರೆ: "ಅವರು ನಿನ್ನ ಮಾತು ಕೇಳಿಸಿಕೊಳ್ತಾರಾ? ಒಪ್ಪದಿದ್ದರೆ ಹೇಳೋಕೆ ಆಗ್ತದಾ? ಮುಂದಿನ ವಾರಕ್ಕೆ ಏನು ಮಾಡಬೇಕು ಅಂತ ಗೊತ್ತಿದೆಯಾ?" ಮೂರನೆಯದಕ್ಕೆ ಉತ್ತರ ಬರದಿದ್ದರೆ ಯೋಚಿಸಿ. ಚಿಕಿತ್ಸೆ ಕೊಡುವವರು ಬೇರೆ ರೋಗಿಯ ಜೊತೆ ಹೋಲಿಸಿದರೆ, ಮೈ ಬಗ್ಗೆ ತಮಾಷೆ ಮಾಡಿದರೆ, "ಇಷ್ಟು ಚೆಂದ ಇದ್ದೀಯ, ಯಾಕೆ ಹೀಗೆ" ಎಂದರೆ ಅದನ್ನೂ ಬರೆದುಕೊಳ್ಳಿ. ಮಾತಿನ ಚಿಕಿತ್ಸೆಗೂ ಅಡ್ಡಪರಿಣಾಮ ಇರುತ್ತದೆ. ನೆಂಟರಿಗೂ ಒಂದು ಎಚ್ಚರಿಕೆ ಕೊಡಿ. "ಈಗ ಮೈ ತುಂಬ್ಕೊಂಡಿದ್ದಾಳೆ" ಎಂಬ ಮೆಚ್ಚುಗೆ ನಮ್ಮಲ್ಲಿ ಎರಡು ವಾರದ ಊಟ ಕೆಡಿಸಿತು.

ಏಳನೆಯ ಹೆಜ್ಜೆ: ನೋಟ್‌ಬುಕ್ ಹಿಡಿದು ಎದುರು ಕೂರಿ

ಗೆರೆ ಚಪ್ಪಟೆಯಾಗಿದ್ದರೆ ಹೇಳದೆ ಬಿಟ್ಟು ಹೋಗಬೇಡಿ. ಹೀಗೆ ಕೇಳಿ: "ಮೇಡಂ, ಆರು ವಾರದ ಲೆಕ್ಕ ತಂದಿದ್ದೇವೆ. ತೂಕ ನಿಂತಲ್ಲೇ ಇದೆ. ನಿಮಗೆ ಹೇಗೆ ಕಾಣ್ತದೆ? ಏನು ಬದಲಿಸಬಹುದು? ಇನ್ನು ಎಷ್ಟು ವಾರ ನೋಡಿ, ಯಾವಾಗ ಬೇರೆ ಕಡೆ ಕಳಿಸ್ತೀರಿ?" ಒಳ್ಳೆಯವರು ಖುಷಿಯಿಂದ ನೋಟ್‌ಬುಕ್ ಕೇಳಿ ತಗೊಳ್ಳುತ್ತಾರೆ. ವಾರಕ್ಕೆರಡು ಭೇಟಿ ಮಾಡೋಣ, ಅಪ್ಪನನ್ನೂ ಕರೆಯಿರಿ, ಕೆಲವು ವಾರ ಆಸ್ಪತ್ರೆಯಲ್ಲಿಡೋಣ ಎನ್ನಬಹುದು. "ನನ್ನ ಮೇಲೆ ನಂಬಿಕೆ ಇಲ್ವಾ?" ಎಂದು ಸಿಟ್ಟಾದರೆ ನಿಮಗೆ ಉತ್ತರ ಸಿಕ್ಕಿತು. ಕೂಸಿನ ಮೊದಲ ಕೌನ್ಸೆಲರಿಗೆ ನಾವು ಈ ಪ್ರಶ್ನೆ ಕೇಳಲೇ ಇಲ್ಲ. ಕೇಳಿದ್ದರೆ ಅವರೇ "ಇದು ನನ್ನ ಕೈಯಲ್ಲಿ ಆಗುವುದಲ್ಲ" ಎನ್ನುತ್ತಿದ್ದರೋ ಏನೋ.

ಚಿಕಿತ್ಸೆ ಕೊಡುವವರು ಇದನ್ನು ಓದುತ್ತಿದ್ದರೆ

"ನನ್ನ ಹತ್ತಿರ ಚಿಕಿತ್ಸೆ ಮುಗಿಸಿದ ಎಂಟು ಜನರಲ್ಲಿ ಆರು ಜನ ಸುಧಾರಿಸಿದರು" ಎಂಬ ಮಾತಿಗೆ ಲೆಕ್ಕದ ಮೇಷ್ಟ್ರು ಕೇಳುವ ಪ್ರಶ್ನೆ ಒಂದೇ: ಶುರು ಮಾಡಿದವರು ಎಷ್ಟು ಜನ? ನಡುವೆ ಬಿಟ್ಟು ಹೋದ ಏಳು ಜನರನ್ನು ಬಿಟ್ಟು ಲೆಕ್ಕ ಹಾಕಿದರೆ ಯಾವ ಚಿಕಿತ್ಸೆಯೂ ಗೆಲ್ಲುತ್ತದೆ. ಜನ ತೀರಾ ಕೆಟ್ಟ ಸ್ಥಿತಿಯಲ್ಲಿದ್ದಾಗ ಬರುತ್ತಾರೆ. ಅಲ್ಲಿಂದ ಸ್ವಲ್ಪ ಮೇಲೇರುವುದು ತಾನಾಗಿಯೂ ಆಗಬಹುದು, ಹೋಲಿಕೆಗೆ ಇನ್ನೊಂದು ಗುಂಪಿಲ್ಲದೆ ಅದನ್ನು ಬೇರ್ಪಡಿಸಲಾಗದು. "ಸುಧಾರಣೆ" ಎಂದರೇನು ಎಂದು ಮೊದಲ ರೋಗಿ ಬರುವ ಮೊದಲೇ ಬರೆದಿಡಿ. ಒಂದು ವರ್ಷದ ನಂತರ ಮತ್ತೆ ಕರೆದು ನೋಡಿ. ಮೇಲೆ ಹೇಳಿದ 2010ರ ಅಧ್ಯಯನದಲ್ಲಿ ಚಿಕಿತ್ಸೆ ಮುಗಿದ ದಿನ ಎರಡು ಗುಂಪಿಗೂ ಖಚಿತ ವ್ಯತ್ಯಾಸವಿದೆ ಎನ್ನುವ ಹಾಗಿರಲಿಲ್ಲ. ಅದು ಗಟ್ಟಿಯಾಗಿದ್ದು ಆಮೇಲೆ.

ಎಲ್ಲಿಯವರೆಗೆ ಬರೆಯುವುದು?

ಚಿಕಿತ್ಸೆ ಮುಗಿದ ಮೇಲೂ ಕನಿಷ್ಠ ಒಂದು ವರ್ಷ. ಮತ್ತೆ ಮರುಕಳಿಸುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಪರೀಕ್ಷೆ, ಹಾಸ್ಟೆಲ್, ಜ್ವರ, ಮನೆಯಲ್ಲಿ ಸಾವು ಇಂಥ ಹೊತ್ತಿನಲ್ಲಿ ಶುರುವಾಗುತ್ತದೆ. ಆದರೆ ವಾರ ವಾರ ಬೇಡ. ನಮ್ಮದು ಮೊದಲು ಹದಿನೈದು ದಿನಕ್ಕೊಮ್ಮೆ ಆಯಿತು, ಈಗ ತಿಂಗಳಿಗೊಮ್ಮೆ. ತಟ್ಟೆಯ ಕಂಬ ಬರೆಯುವುದನ್ನು ಕೂಸೇ ನಿಲ್ಲಿಸಿದಳು, "ಇದೆಂತ ಚಿಕ್ಕಿ, ಉಂಡಿದ್ದೆಲ್ಲ ಬರೀತಾ ಕೂರೂದು" ಎಂದು. ನಾನೂ ಒತ್ತಾಯ ಮಾಡಲಿಲ್ಲ. ತೂಕ ಮತ್ತು ಅವಳ ಮೂರು ಪ್ರಶ್ನೆ ಮಾತ್ರ ಉಳಿದಿವೆ. ಹೋದ ತಿಂಗಳು ಎರಡನೇ ಪ್ರಶ್ನೆಗೆ 3 ಹಾಕಿದ್ದಳು, ಅದರ ಹಿಂದಿನ ತಿಂಗಳು 2 ಇತ್ತು. ಒಂದೇ ಚುಕ್ಕೆ, ಗೆರೆ ಎಳೆಯಲು ಸಾಲದು. ಮುಂದಿನದು ದಸರಾ ರಜೆಯಲ್ಲಿ.